ವೀಲ್ ಸ್ಪೇಸರ್ ಹಾಕುವುದು ಹೇಗೆ: ಮೊದಲು ಅಳತೆ, ಆಮೇಲೆ ಬಿಲ್ಲೆ

ವೀಲ್ ಸ್ಪೇಸರ್ ಅಂದರೆ ಹಬ್‌ಗೂ (ಗಾಡಿಯಲ್ಲಿ ಚಕ್ರ ಬಿಗಿಯುವ ಭಾಗ) ಚಕ್ರಕ್ಕೂ ನಡುವೆ ಕೂರುವ ಲೋಹದ ಬಿಲ್ಲೆ. ಬಿಲ್ಲೆ ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಬರುತ್ತದೆ. ನೋಡೋಕೆ ಇಷ್ಟು ಸರಳ. ಅದಕ್ಕೇ ಇರಬೇಕು, ಅಳತೆಯೇ ತೆಗೆಯದೆ ಕೊಂಡು ತರುವವರು ಜಾಸ್ತಿ.

ನನ್ನದು ದಾವಣಗೆರೆಯಲ್ಲಿ ಲೇತ್ ಅಂಗಡಿ, ಹಳೇ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ. ಕಾಟನ್ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಅಪ್ಪ ಮಿಲ್ಲಿನ ಶಾಫ್ಟು, ಪುಲ್ಲಿ ಮಾಡಿಕೊಡುತ್ತಿದ್ದರು. ಈಗ ನನ್ನ ಕೈಗೆ ಬರುವುದು ಟ್ರ್ಯಾಕ್ಟರ್ ಬುಷ್, ಮೆಕ್ಕೆಜೋಳ ಒಕ್ಕುವ ಮಷಿನ್ನಿನ ಶಾಫ್ಟು, ಮಂಡಕ್ಕಿ ಭಟ್ಟಿಯವರ ಪುಲ್ಲಿ. ನಡುನಡುವೆ ಕಾಲೇಜು ಹುಡುಗರು ಬರುತ್ತಾರೆ. "ಅಣ್ಣಾ, ಇಪ್ಪತ್ತೈದರದ್ದು ಒಂದು ಸೆಟ್ ಸ್ಪೇಸರ್ ಮಾಡಿಕೊಡ್ರೀ" ಅನ್ನುತ್ತಾರೆ. ಇಪ್ಪತ್ತೈದೇ ಯಾಕೆ ತಮ್ಮಾ ಅಂದರೆ, ಗೆಳೆಯನ ಗಾಡಿಗೆ ಅಷ್ಟಿದೆಯಂತೆ. ಗೆಳೆಯನ ಗಾಡಿ ಬೇರೆ, ರಿಮ್ ಬೇರೆ, ಟೈರ್ ಬೇರೆ. ಅಳೆದು ನೋಡಿದರೆ ಬಹಳ ಗಾಡಿಗಳಿಗೆ 5 ಮಿಲಿಮೀಟರ್ ಸಾಕು. ಎಷ್ಟೋ ಗಾಡಿಗಳಿಗೆ ಏನೂ ಬೇಡ. ಹಾಗಾಗಿ ಇಲ್ಲಿ ಅಳತೆಯ ಮಾತೇ ಜಾಸ್ತಿ ಇರುತ್ತದೆ. ಬಿಗಿಯುವ ಕೆಲಸ ಒಂದೆರಡು ತಾಸಿನದು.

ಆಫ್‌ಸೆಟ್ ಲೆಕ್ಕ

ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ. ಹಬ್‌ಗೆ ಒತ್ತಿ ಕೂರುವ ರಿಮ್ಮಿನ ಮುಖ ಆ ಗೆರೆಯಿಂದ ಎಷ್ಟು ದೂರ ಇದೆಯೋ ಅದೇ ಆಫ್‌ಸೆಟ್. ಮುಖ ಗೆರೆಗಿಂತ ಹೊರಗಡೆ, ಅಂದರೆ ರಸ್ತೆಯ ಕಡೆ ಇದ್ದರೆ ಪ್ಲಸ್. ಒಳಗಡೆ ಇದ್ದರೆ ಮೈನಸ್. ನಾವು ಓಡಿಸುವ ಸಣ್ಣ ಕಾರುಗಳದ್ದು ಪ್ಲಸ್ ಆಫ್‌ಸೆಟ್. ರಿಮ್ಮಿನ ಹಿಂಬದಿಯಲ್ಲಿ ‘ಇ.ಟಿ. 45’ ಅಂತಲೋ ‘ಇ.ಟಿ. 40’ ಅಂತಲೋ ಅಚ್ಚು ಇರುತ್ತದೆ, ಅದೇ ಮಿಲಿಮೀಟರಿನಲ್ಲಿ ಆಫ್‌ಸೆಟ್. ಪಕ್ಕದಲ್ಲೇ ‘6ಜೆ × 15’ ಅಂತಲೂ ಇರುತ್ತದೆ. ಅದು 6 ಇಂಚು ಅಗಲ, 15 ಇಂಚು ವ್ಯಾಸ.

ಸ್ಪೇಸರ್ ಆಫ್‌ಸೆಟ್ಟನ್ನು ಕಡಿಮೆ ಮಾಡುತ್ತದೆ. ಇ.ಟಿ. 45ರ ರಿಮ್ಮಿಗೆ 15ರ ಬಿಲ್ಲೆ ಹಾಕಿದರೆ ಇ.ಟಿ. 30ರ ರಿಮ್ ಹಾಕಿದ ಹಾಗೆ. ಎಡಕ್ಕೊಂದು ಬಲಕ್ಕೊಂದು ಹಾಕುವುದರಿಂದ ಎರಡು ಚಕ್ರದ ನಡುವಿನ ಅಗಲ 30 ಮಿ.ಮೀ. ಹೆಚ್ಚುತ್ತದೆ. ಆಫ್‌ಸೆಟ್ ಹೆಚ್ಚು ಮಾಡಲು ಸ್ಪೇಸರಿನಿಂದ ಆಗುವುದಿಲ್ಲ. ಟೈರ್ ಈಗಾಗಲೇ ಮಡ್‌ಗಾರ್ಡ್ ದಾಟಿ ಹೊರಗೆ ಇಣುಕುತ್ತಿದ್ದರೆ ರಿಮ್ಮೇ ಬದಲಾಯಿಸಬೇಕು.

ಹಳೇ ರಿಮ್ಮುಗಳಲ್ಲಿ ಅಚ್ಚು ಅಳಿಸಿರುತ್ತದೆ. ಪೇಂಟ್ ಹೊಡೆದಿದ್ದರೆ ಕಾಣುವುದೇ ಇಲ್ಲ. ಆಗ ಕೈಯಲ್ಲೇ ಅಳೆಯಬಹುದು. ಟೈರ್ ಇಲ್ಲದ ರಿಮ್ ಆದರೆ ಸಲೀಸು. ಗೋಣಿಚೀಲ ಹಾಸಿ, ಅಂದದ ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಬದಿಯ ಅಂಚಿನ ಮೇಲೆ ನೇರವಾದ ಒಂದು ಪಟ್ಟಿ ಅಡ್ಡ ಇಡಿ. ಪಟ್ಟಿಯ ಕೆಳಗಿನಿಂದ ಹಬ್ ಕೂರುವ ಮುಖದವರೆಗೆ ಎಷ್ಟು ಆಳ ಅಂತ ಅಳೆಯಿರಿ. ಆಮೇಲೆ ರಿಮ್ಮಿನ ಒಟ್ಟು ಅಗಲ, ಹೊರ ಅಂಚಿನಿಂದ ಹೊರ ಅಂಚಿಗೆ. ಆಳದಲ್ಲಿ ಅಗಲದ ಅರ್ಧ ಕಳೆದರೆ ಆಫ್‌ಸೆಟ್. 6ಜೆ ರಿಮ್ಮಿನ ಒಟ್ಟು ಅಗಲ ಸುಮಾರು 178 ಮಿ.ಮೀ. ಬರುತ್ತದೆ. ಯಾಕೆಂದರೆ 6 ಇಂಚು ಅನ್ನುವುದು ಟೈರ್ ಕೂರುವ ಜಾಗದ ಅಗಲ, ಅಂಚುಗಳು ಅದರ ಮೇಲೆ. ಅರ್ಧ ಅಂದರೆ 89. ಆಳ 134 ಬಂದರೆ ಆಫ್‌ಸೆಟ್ 45. ಟೈರ್ ಇದ್ದರೆ ಪಟ್ಟಿ ಟೈರಿನ ಮೇಲೆ ಕೂರುತ್ತದೆ. ಆಗ ಪಟ್ಟಿಯಿಂದ ರಿಮ್ಮಿನ ಅಂಚಿಗೆ ಎಷ್ಟು ಅಂತರ ಇದೆಯೋ ಅದನ್ನು ಆಳದಲ್ಲಿ ಕಳೆಯಬೇಕು.

ಜನ ಹೆಚ್ಚಾಗಿ ಮರೆಯುವುದು ಅಗಲದ ಲೆಕ್ಕ. ಒಂದು ಉದಾಹರಣೆ ನೋಡಿ. ಗಾಡಿಯಲ್ಲಿ ಇದ್ದದ್ದು 6ಜೆ, ಇ.ಟಿ. 45. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಅಲಾಯ್ 7ಜೆ, ಅದೇ ಇ.ಟಿ. 45. "ಆಫ್‌ಸೆಟ್ ಒಂದೇ ಇದೆ, ಕೂರುತ್ತದೆ" ಅಂತ ತರುತ್ತಾರೆ. ಒಂದು ಇಂಚು ಅಂದರೆ 25.4 ಮಿ.ಮೀ. ಅದರಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ. ರಿಮ್ಮಿನ ಒಳ ಅಂಚು 12.7 ಮಿ.ಮೀ. ಸ್ಟ್ರಟ್ (ಚಕ್ರದ ಒಳಬದಿಯಲ್ಲಿ ನಿಂತಿರುವ ಸಸ್ಪೆನ್ಷನ್ ಕಂಬ) ಕಡೆ ಸರಿಯುತ್ತದೆ. ಮೊದಲು ಅಲ್ಲಿ 15 ಇದ್ದರೆ ಈಗ ಉಳಿಯುವುದು 2 ಚಿಲ್ಲರೆ. ಸ್ಪೇಸರಿಗೆ ನಿಜವಾಗಿ ಕೆಲಸ ಇರುವುದು ಇಂಥ ಕಡೆ. 5ರ ಬಿಲ್ಲೆ ಹಾಕಿದರೆ ಒಳಗೆ 7.3 ಜಾಗ ಸಿಗುತ್ತದೆ. ಹೊರ ಅಂಚು ಮೊದಲಿಗಿಂತ 17.7 ಹೊರಗೆ ಬರುತ್ತದೆ. ಮಡ್‌ಗಾರ್ಡಿಗೂ ಟೈರಿಗೂ ಅಷ್ಟು ಅಂತರ ಇದೆಯಾ ಅಂತ ಆಮೇಲೆ ನೋಡಬೇಕು. ಟೈರಿನ ಹೊಟ್ಟೆ ಇಷ್ಟು ಸರಿಯುವುದಿಲ್ಲ. ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರ್ ಎರಡೂ ಬದಿ ಸೇರಿ ಸುಮಾರು 5 ಮಿ.ಮೀ. ಉಬ್ಬುತ್ತದೆ, ಅಷ್ಟೇ. ಆದರೆ ರಿಮ್ಮಿನ ಅಂಚಿನ ಲೆಕ್ಕ ಹಿಡಿದರೆ ಕಷ್ಟದ ಕಡೆಯ ಲೆಕ್ಕ ಸಿಗುತ್ತದೆ. ನಾನು ಅದನ್ನೇ ಹಿಡಿಯುವುದು.

ಗಾಡಿಯಲ್ಲಿ ಎಷ್ಟು ಜಾಗ ಇದೆ

ಸಮ ನೆಲದಲ್ಲಿ ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ ಇರಲಿ. ಸ್ಟೀರಿಂಗ್ ನೇರ ಇರಲಿ.

ಹೊರಗಿನ ಅಳತೆಗೆ ಯಾವ ಸಾಧನವೂ ಬೇಡ. ಒಂದು ದಾರಕ್ಕೆ ನಟ್ಟು ಕಟ್ಟಿ, ಮಡ್‌ಗಾರ್ಡಿನ ತುದಿಯಿಂದ, ಚಕ್ರದ ನೆತ್ತಿಯ ನೇರಕ್ಕೆ ಇಳಿಬಿಡಿ. ದಾರ ಅಲ್ಲಾಡುವುದು ನಿಂತ ಮೇಲೆ ದಾರಕ್ಕೂ ಟೈರಿನ ಉಬ್ಬಿಗೂ ಇರುವ ಅಂತರ ಅಳೆಯಿರಿ. ನಾಲ್ಕೂ ಚಕ್ರ ಅಳೆಯಿರಿ. ಎಡ ಬಲ ಒಂದೇ ಬರಬೇಕು ಅಂತೇನಿಲ್ಲ. ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ. ಹೆಚ್ಚು ವ್ಯತ್ಯಾಸ ಕಂಡರೆ ಸ್ಪೇಸರ್ ಮಾತು ಬಿಟ್ಟು ಮೊದಲು ಅಲೈನ್‌ಮೆಂಟ್ ತೋರಿಸಿ. ಗಾಡಿ ಎಲ್ಲೋ ಪೆಟ್ಟು ತಿಂದಿರಬಹುದು.

ಒಳಗಿನ ಅಳತೆಗೆ ಕೈ ಒಳಗೆ ಹೋಗಬೇಕು. ಟೈರಿಗೂ ಸ್ಟ್ರಟ್ಟಿಗೂ ನಡುವಿನ ಸಂದಿ, ರಿಮ್ಮಿನ ಒಳಮೈಗೂ ಬ್ರೇಕ್ ಕ್ಯಾಲಿಪರಿಗೂ ನಡುವಿನ ಸಂದಿ. ಅಲ್ಲಿ ಸ್ಕೇಲ್ ಹಿಡಿಯಲು ಆಗುವುದಿಲ್ಲ. ಮಕ್ಕಳು ಆಡುವ ಬಣ್ಣದ ಮೇಣ ಸಿಗುತ್ತದಲ್ಲ, ಒಂದು ಉಂಡೆ ಮಾಡಿ ಸಂದಿಯಲ್ಲಿ ಒತ್ತಿ. ಹೊರಗೆ ತೆಗೆದು ಅದರ ದಪ್ಪ ವರ್ನಿಯರ್‌ನಲ್ಲಿ ನೋಡಿ. ಕ್ಯಾಲಿಪರಿಗೆ ಇಟ್ಟ ಮೇಣ ತೆಗೆಯುವುದು ಮರೆಯಬೇಡಿ. ಸ್ಟ್ರಟ್ ಕಡೆ 5 ಮಿ.ಮೀ. ಉಳಿಯಲೇಬೇಕು.

ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಮತ್ತೆ ನೋಡಿ. ಚಕ್ರ ಹೊರಗೆ ಬಂದಷ್ಟೂ ತಿರುಗುವಾಗ ಅದು ದೊಡ್ಡ ಸುತ್ತು ಹೊಡೆಯುತ್ತದೆ. ಬಂಪರಿನ ಹಿಂತುದಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕು, ಇವೇ ಮೊದಲು ಉಜ್ಜುವುದು.

ಹಿಂದಿನ ಚಕ್ರಕ್ಕೆ ಖಾಲಿ ಗಾಡಿಯ ಅಳತೆ ಸುಳ್ಳು. ತುಂಬಿದ ಗಾಡಿ ಕೂರುತ್ತದೆ. ಕುಟುಂಬ ಸಮೇತ ಮದುವೆಗೆ ಹೊರಟಾಗ ಮಾತ್ರ ಸ್ಪೀಡ್ ಬ್ರೇಕರ್ ಮೇಲೆ ‘ಕರ್ರ್’ ಅಂತ ಸದ್ದು ಬರುವುದು ಇದಕ್ಕೇ. ಐದು ಜನರನ್ನು ಕೂರಿಸಿಕೊಂಡು ಅಳೆಯಲು ಯಾರು ಸಿಗುತ್ತಾರೆ? ನಮ್ಮೂರಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. 50 ಕೆ.ಜಿ.ಯ ನಾಲ್ಕು ಮೂಟೆ ಹಿಂದಿನ ಸೀಟು, ಡಿಕ್ಕಿಯಲ್ಲಿ ಹಂಚಿ ಇಡಿಸಿ ನಾನು ಅಳೆಯುತ್ತೇನೆ. ಆಗ ಮಡ್‌ಗಾರ್ಡಿನ ತುಟಿಗೂ ಟೈರಿಗೂ ಎಷ್ಟು ಉಳಿಯುತ್ತದೋ ಅದು ನಂಬುವ ಅಳತೆ. ಗುಂಡಿಗೆ ಬಿದ್ದಾಗ ಅದಕ್ಕಿಂತ ಇನ್ನೂ ಕೂರುತ್ತದೆ ಅನ್ನುವುದೂ ನೆನಪಿರಲಿ. ಟೈರಿನ ಉಬ್ಬು ಮಡ್‌ಗಾರ್ಡಿನ ತುಟಿಗಿಂತ ಒಳಗೇ ನಿಲ್ಲಬೇಕು. ಇಲ್ಲದಿದ್ದರೆ ಎರೆಮಣ್ಣಿನ ಹಳ್ಳಿ ರಸ್ತೆಯಲ್ಲಿ ಮಳೆಗಾಲಕ್ಕೆ ಬಾಗಿಲೆಲ್ಲ ಕೆಸರು. ಹೈವೇಯಲ್ಲಿ ಹಿಂದಿನವರ ಗಾಜಿಗೆ ಕಲ್ಲು.

ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದು, ಎಲ್ಲಕ್ಕಿಂತ ಕಡಿಮೆ ಇರುವ ಹೊರ ಅಂತರ ಹಿಡಿಯಿರಿ. ಅದರಲ್ಲಿ ಸ್ವಲ್ಪ ಬಿಟ್ಟು ಉಳಿದದ್ದು ನಿಮ್ಮ ಗರಿಷ್ಠ ದಪ್ಪ. ಗರಿಷ್ಠ ಅಂದೆ. ಅಷ್ಟು ಹಾಕಲೇಬೇಕು ಅಂತ ಅಲ್ಲ.

ಯಾವ ನಮೂನೆ

ತೆಳು ಬಿಲ್ಲೆ, 3 ಅಥವಾ 5 ಮಿ.ಮೀ.ದು, ಹಳೇ ಸ್ಟಡ್ಡಿನ (ಹಬ್ಬಿನಿಂದ ಹೊರಗೆ ಚಾಚಿರುವ, ನಟ್ಟು ಬಿಗಿಯುವ ನೂಲಿನ ಕಡ್ಡಿ) ಮೇಲೇ ಜಾರಿಸಿ ಕೂರಿಸುವಂಥದ್ದು. 8ರಿಂದ 15ರವರೆಗಿನದಕ್ಕೆ ಉದ್ದನೆಯ ಸ್ಟಡ್ ಬೇಕೇ ಬೇಕು. 20 ಮತ್ತು ಮೇಲ್ಪಟ್ಟದ್ದು ಬೋಲ್ಟ್ ಆನ್ ನಮೂನೆ. ಬಿಲ್ಲೆಯನ್ನು ಹಬ್‌ಗೆ ನಟ್ಟು ಹಾಕಿ ಬಿಗಿಯುತ್ತೀರಿ, ಬಿಲ್ಲೆಗೇ ಅದರದ್ದೇ ಸ್ಟಡ್ ಇರುತ್ತದೆ, ಚಕ್ರ ಅದಕ್ಕೆ ಕೂರುತ್ತದೆ. ಇದರಲ್ಲಿ ಹಬ್ಬಿನ ಹಳೇ ಸ್ಟಡ್ ಬಿಲ್ಲೆಯ ದಪ್ಪಕ್ಕಿಂತ ಉದ್ದ ಇದ್ದರೆ ತುದಿ ಹೊರಗೆ ಚಾಚಿ ರಿಮ್ಮಿಗೆ ತಾಗುತ್ತದೆ. ಕೆಲವು ಅಲಾಯ್‌ಗಳ ಹಿಂಬದಿಯಲ್ಲಿ ಅದಕ್ಕೆ ಗುಳಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಸ್ಟಡ್ ಕತ್ತರಿಸಿ ಅಂತ ಕೇಳಿಕೊಂಡು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ನಾಳೆ ಬಿಲ್ಲೆ ತೆಗೆದರೆ ಆ ಗಿಡ್ಡ ಸ್ಟಡ್ಡಿಗೆ ಚಕ್ರ ಹಾಕುವುದು ಹೇಗೆ?

25ಕ್ಕಿಂತ ಜಾಸ್ತಿ ಬೇಕು ಅಂತ ಲೆಕ್ಕ ಬಂದರೆ ನೀವು ಕೊಂಡ ರಿಮ್ಮೇ ಆ ಗಾಡಿಯದ್ದಲ್ಲ. ಅದನ್ನು ಮಾರಿ ಸರಿಯಾದ ಆಫ್‌ಸೆಟ್‌ನದ್ದು ತರುವುದು ವಾಸಿ. ಎರಡು ಬಿಲ್ಲೆ ಒಂದರ ಮೇಲೊಂದು ಇಡುವುದು, ವಾಷರ್ ತುಂಬುವುದು, ಇವೆರಡೂ ಬೇಡವೇ ಬೇಡ.

ಸ್ಟಡ್ ಸಾಕೋ ಸಾಲದೋ ಅಂತ ತಿಳಿಯುವುದು ಸುಲಭ. ನಟ್ಟನ್ನು ಬೆರಳಲ್ಲಿ ತಿರುಗಿಸುತ್ತಾ ಸುತ್ತು ಎಣಿಸಿ. ನೂಲು ಹಿಡಿದ ಕ್ಷಣದಿಂದ ಪೂರ್ತಿ ಕೂರುವವರೆಗೆ. ಸ್ಟಡ್ಡಿನ ವ್ಯಾಸ ಎಷ್ಟೋ ಕನಿಷ್ಠ ಅಷ್ಟು ಉದ್ದ ನೂಲು ಹಿಡಿದಿರಬೇಕು. ಐ20ಯದು ಎಂ12 × 1.5, ಅಂದರೆ ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಹೋಗುತ್ತದೆ. 12 ಮಿ.ಮೀ.ಗೆ 8 ಸುತ್ತು ಬೇಕು. ಸ್ವಿಫ್ಟ್‌ನದು ಎಂ12 × 1.25, ಅದಕ್ಕೆ ಸುಮಾರು 10 ಸುತ್ತು ಬೇಕು. 5ರ ಬಿಲ್ಲೆ ಹಾಕಿದರೆ ಸ್ವಿಫ್ಟ್‌ನಲ್ಲಿ 4 ಸುತ್ತು ಹೋಯಿತು ಅಂತಲೇ. ಮೊದಲು 11 ಇದ್ದದ್ದು 7 ಆದರೆ, ಬಿಲ್ಲೆ ತೆಳುವೇ ಇದ್ದರೂ ಉದ್ದನೆಯ ಸ್ಟಡ್ ಬೇಕು. ಅಲಾಯ್ ರಿಮ್ಮಿನ ಮುಖ ಕಬ್ಬಿಣದ ರಿಮ್ಮಿಗಿಂತ ದಪ್ಪ. ಅದೇ ಒಂದೆರಡು ಸುತ್ತು ತಿಂದಿರುತ್ತದೆ. ಹಾಗಾಗಿ ನೀವು ಹಾಕಲಿರುವ ರಿಮ್ಮಿನಲ್ಲೇ ಎಣಿಸಿ.

ಸ್ಟಡ್ ಬದಲಿಸುವಾಗ ಸುತ್ತಿಗೆ ದೂರ ಇಡಿ. ಹೊಡೆದರೆ ಪೆಟ್ಟು ಬೀಳುವುದು ಬೇರಿಂಗಿಗೆ. ಪ್ರೆಸ್ಸಿನಲ್ಲಿ ತೆಗೆದು ಪ್ರೆಸ್ಸಿನಲ್ಲೇ ಕೂರಿಸಬೇಕು. ಹೊಸ ಸ್ಟಡ್ಡಿನಲ್ಲಿ ಹಬ್ಬಿನ ತೂತಿಗೆ ಕಚ್ಚಿ ಕೂರುವ ಹಲ್ಲುಗೆರೆಯ ವ್ಯಾಸ ಹಳೆಯದಕ್ಕೆ ಸರಿಹೊಂದಬೇಕು. ಪೋಲೊದಂಥ ಗಾಡಿಗಳಲ್ಲಿ ಸ್ಟಡ್ ಇರುವುದಿಲ್ಲ, ಎಂ14 × 1.5ರ ಬೋಲ್ಟ್. ಬಿಲ್ಲೆ ಎಷ್ಟು ದಪ್ಪವೋ ಬೋಲ್ಟ್ ಅಷ್ಟೇ ಉದ್ದ ಹೆಚ್ಚಬೇಕು. ಇನ್ನೂ ಉದ್ದದ್ದು ಹಾಕಿದರೆ ಹಿಂದಿನ ಡ್ರಮ್ಮಿನೊಳಗೆ ಬ್ರೇಕ್ ಸಾಮಾನಿಗೆ ತಾಗುತ್ತದೆ.

ಬಿಲ್ಲೆ ಕೈಗೆ ಬಂದ ಮೇಲೆ

ಇಲ್ಲಿ ನನ್ನ ಕಸುಬಿನ ಮಾತು. ಸ್ವಲ್ಪ ಉದ್ದ ಆಗುತ್ತದೆ.

ನಾಲ್ಕು ತೂತು ಹೊಂದಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸ್ವಿಫ್ಟ್, ಐ20, ಹೋಂಡಾ ಸಿಟಿ ಮೂರಕ್ಕೂ ತೂತಿನ ಅಳತೆ 4 × 100. ಅಂದರೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ತೂತು. ಆದರೆ ಹಬ್ಬಿನ ನಡುಗಂಬ ಕೂರುವ ನಡುವಿನ ದೊಡ್ಡ ತೂತು ಸ್ವಿಫ್ಟ್, ಐ20ಗೆ 54.1. ಸಿಟಿಗೆ 56.1. ಸಿಟಿಯ ಬಿಲ್ಲೆ ತಂದು ಸ್ವಿಫ್ಟ್‌ಗೆ ಹಾಕಿದರೆ ಆರಾಮಾಗಿ ಕೂರುತ್ತದೆ. ಅದೇ ತೊಂದರೆ. 2 ಮಿ.ಮೀ. ಸಡಿಲ ಅಂದರೆ ಚಕ್ರ ನಡುವಿನಿಂದ 1 ಮಿ.ಮೀ. ಆಚೀಚೆ ಕೂರಬಹುದು. ಅಷ್ಟಕ್ಕೇ 80 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಯಾಕೆಂದರೆ ಬ್ಯಾಲೆನ್ಸಿಂಗ್ ಮಷಿನ್ನಿನ ಮೇಲೆ ಚಕ್ರ ಸರಿಯಾಗಿಯೇ ಇರುತ್ತದೆ. ಕ್ರೆಟಾಗೆ 5 × 114.3, ನಡುವೆ 67.1. ಪೋಲೊಗೆ 5 × 100, ನಡುವೆ 57.1. ನಿಮ್ಮ ಗಾಡಿಯ ಹಬ್ಬಿನ ನಡುಗಂಬವನ್ನು ವರ್ನಿಯರ್‌ನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ.

ಬಿಲ್ಲೆ ಹಾಕಿದ ಮೇಲೆ ಆ ನಡುಗಂಬ ಬಿಲ್ಲೆಯೊಳಗೆ ಮುಳುಗಿಹೋಗುತ್ತದೆ. ಹಾಗಾಗಿ ಬಿಲ್ಲೆಗೇ ಹೊರಮುಖದಲ್ಲಿ ಒಂದು ತುಟಿ ಇರಬೇಕು, ಚಕ್ರ ಅದರ ಮೇಲೆ ಕೂರಬೇಕು. ಇದನ್ನೇ ಹಬ್ ಸೆಂಟ್ರಿಕ್ ಅನ್ನುವುದು. ತುಟಿ ಇಲ್ಲದ ಚಪ್ಪಟೆ ಬಿಲ್ಲೆಯಲ್ಲಿ ಚಕ್ರವನ್ನು ನಡುವಿಗೆ ತರುವ ಕೆಲಸ ನಟ್ಟುಗಳ ಪಾಲಿಗೆ ಬೀಳುತ್ತದೆ. 3 ಮಿ.ಮೀ.ನ ಬಿಲ್ಲೆಗೆ ಪರವಾಗಿಲ್ಲ, ಹಬ್ಬಿನ ಗಂಬ ಇನ್ನೂ ಹೊರಗೆ ಉಳಿದಿರುತ್ತದೆ. 10ರದ್ದಕ್ಕೆ ನಾನು ಒಪ್ಪುವುದಿಲ್ಲ.

ಇನ್ನು ಲೋಹ. 6061-ಟಿ6 ಅಲ್ಯೂಮಿನಿಯಂ ಒಳ್ಳೆಯದು. ಫೋರ್ಜ್ ಮಾಡಿದ್ದಾದರೆ ಇನ್ನೂ ಒಳ್ಳೆಯದು. ಗುಜರಿ ಪಿಸ್ಟನ್ ಕರಗಿಸಿ ಎರಕ ಹೊಯ್ದ ಗಟ್ಟಿ ತಂದು "ಇದರಲ್ಲಿ ತೆಗೆದುಕೊಡ್ರೀ" ಅನ್ನುವವರಿದ್ದಾರೆ. ಅಂಥದ್ದನ್ನು ಲೇತಿಗೆ ಹಾಕಿದರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಕಾಣುತ್ತವೆ. ಮಂಡಕ್ಕಿ ಭಟ್ಟಿಯ ಪುಲ್ಲಿಗಾದರೆ ನಡೆಯುತ್ತದೆ. ಕಾರಿನ ಚಕ್ರಕ್ಕೆ ನಡೆಯುವುದಿಲ್ಲ.

ಕೊಂಡ ಬಿಲ್ಲೆಯ ದಪ್ಪವನ್ನು ಸುತ್ತಲೂ ಎಂಟು ಕಡೆ ಅಳೆಯಿರಿ. 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಪಸ್ ಕೊಡಿ. ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಓರೆ ಇದ್ದರೂ ಟೈರಿನ ಅಂಚಿಗೆ ಹೋಗುವಷ್ಟರಲ್ಲಿ ಅದು ಕಣ್ಣಿಗೆ ಕಾಣುವಷ್ಟು ಆಗಿರುತ್ತದೆ.

ಯಾರೂ ನೋಡದ ಜಾಗ ಒಂದಿದೆ. ಹಬ್ಬಿನ ಗಂಬ ಮುಖಕ್ಕೆ ಸೇರುವ ಮೂಲೆ ಚೂಪಾಗಿರುವುದಿಲ್ಲ, ಸ್ವಲ್ಪ ದುಂಡಗಿರುತ್ತದೆ. ಬಿಲ್ಲೆಯ ಒಳಅಂಚು ಚೂಪಾಗಿದ್ದರೆ ಆ ದುಂಡಿನ ಮೇಲೆ ಹತ್ತಿ ನಿಲ್ಲುತ್ತದೆ. ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ನಟ್ಟು ಬಿಗಿಯುತ್ತೀರಿ, ಟಾರ್ಕ್ ಪಾನಾ (ಗೊತ್ತು ಮಾಡಿದಷ್ಟು ಬಿಗಿಯಾದಾಗ ಸದ್ದು ಮಾಡುವ ಪಾನಾ) ‘ಟಕ್’ ಅನ್ನುತ್ತದೆ. ಓಡುತ್ತಾ ಓಡುತ್ತಾ ಅಂಚು ಸವೆದು ಬಿಲ್ಲೆ ಒಳಗೆ ಸರಿಯುತ್ತದೆ, ನಟ್ಟು ಸಡಿಲ. ಪರೀಕ್ಷೆ ಹೀಗೆ: ಹಬ್ಬಿನ ಮುಖಕ್ಕೆ ಮಾರ್ಕಿಂಗ್ ಬ್ಲೂ ಸವರಿ. ಅದಿಲ್ಲದಿದ್ದರೆ ಸ್ಟ್ಯಾಂಪ್ ಪ್ಯಾಡಿನ ಶಾಯಿ ನಡೆಯುತ್ತದೆ. ಬಿಲ್ಲೆ ಕೂರಿಸಿ ಗಟ್ಟಿಯಾಗಿ ಒತ್ತಿ ತೆಗೆಯಿರಿ. ಶಾಯಿ ಬಿಲ್ಲೆಯ ಮುಖಕ್ಕೆಲ್ಲ ಹತ್ತಿದ್ದರೆ ಸರಿ. ಒಳಗಿನ ಅಂಚಿಗೆ ಮಾತ್ರ ಬಳೆಯ ಹಾಗೆ ಹತ್ತಿದ್ದರೆ ಒಳಅಂಚಿಗೆ ಚಾಂಫರ್ ಹೊಡೆಸಬೇಕು, ಅಂದರೆ ಚೂಪಾದ ಅಂಚನ್ನು ಓರೆಯಾಗಿ ತೆಗೆಸಬೇಕು. ಯಾವ ಟರ್ನರ್ ಆದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾನೆ.

ನಟ್ಟಿನ ತುದಿಯ ಆಕಾರವನ್ನೂ ನೋಡಿಕೊಳ್ಳಿ. ಮಾರುಕಟ್ಟೆಯ ಅಲಾಯ್‌ಗಳಿಗೆ ಸಾಮಾನ್ಯವಾಗಿ ಕೋನ್ ಆಕಾರದ್ದು ಬೇಕು. ಹೋಂಡಾ ಕಂಪನಿಯ ಸ್ವಂತ ರಿಮ್ಮಿಗೆ ಗುಂಡು ಆಕಾರದ್ದು. ಒಂದಕ್ಕೆ ಇನ್ನೊಂದು ಹಾಕಿದರೆ ಗೆರೆಯಷ್ಟೇ ತಾಗಿ ನಿಲ್ಲುತ್ತದೆ, ಹಿಡಿತ ಸಿಗುವುದಿಲ್ಲ.

ಹಾಕುವ ಕೆಲಸ

ಹ್ಯಾಂಡ್‌ಬ್ರೇಕ್ ಎಳೆದು, ಎದುರು ಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸ್ವಲ್ಪ ಸಡಿಲಿಸಿ. ಆಮೇಲೆ ಜ್ಯಾಕ್. ಜ್ಯಾಕಿನ ಜೊತೆ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಬೇಡಿ.

ಚಕ್ರ ತೆಗೆದ ಮೇಲೆ ಹಬ್ಬಿನ ಮುಖ ಕ್ಲೀನ್ ಮಾಡಿ. ಈ ಕೆಲಸಕ್ಕೆ ಆತುರ ಬೇಡ. ವೈರ್ ಬ್ರಶ್, ಎಮರಿ ಪೇಪರ್ ಹಾಕಿ ತುಕ್ಕು, ಪೇಂಟಿನ ಚಕ್ಕೆ ಎಲ್ಲ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಸ್ಟಡ್ಡಿಗೆ ತೆಳು ತಗಡಿನ ಕ್ಲಿಪ್ ಸಿಕ್ಕಿಸಿರುತ್ತಾರೆ, ಡ್ರಮ್ ಬೀಳದಿರಲಿ ಅಂತ. ಅದನ್ನು ತೆಗೆಯದಿದ್ದರೆ ಬಿಲ್ಲೆ ಸಪಾಟಾಗಿ ಕೂರುವುದಿಲ್ಲ. ಡಿಸ್ಕ್ ಹಿಡಿದಿರುವ ಸಣ್ಣ ಸ್ಕ್ರೂವಿನ ತಲೆ ಮೇಲೆ ಬಂದಿದ್ದರೂ ಅದೇ ಗತಿ.

ಗ್ರೀಸ್ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಅನ್ನುವುದು ಮುಖ್ಯ. ಹಬ್ಬಿನ ಗಂಬಕ್ಕೆ ಬೆರಳಲ್ಲಿ ತೆಳುವಾಗಿ ಸವರಬಹುದು, ಇಲ್ಲದಿದ್ದರೆ ಅಲ್ಯೂಮಿನಿಯಂ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಮುಖಗಳಿಗೆ ಬೇಡ, ಸ್ಟಡ್ಡಿನ ನೂಲಿಗೆ ಬೇಡ. ಚಕ್ರವನ್ನು ಹಿಡಿದಿಡುವುದು ನಿಜಕ್ಕೂ ಸ್ಟಡ್ಡಿನ ಗಟ್ಟಿತನವಷ್ಟೇ ಅಲ್ಲ. ಸ್ಟಡ್ ಎಳೆದು ಹಿಡಿಯುತ್ತದೆ, ಆ ಎಳೆತಕ್ಕೆ ಎರಡು ಮುಖ ಒಂದಕ್ಕೊಂದು ಒತ್ತಿ ಜಾರದೆ ನಿಲ್ಲುತ್ತವೆ. ಬಿಲ್ಲೆ ಹಾಕಿದರೆ ಒಂದು ಜೋಡಿ ಮುಖ ಇದ್ದದ್ದು ಎರಡು ಜೋಡಿ ಆಗುತ್ತದೆ. ಎರಡೂ ಒಣಗಿರಬೇಕು, ಎರಡೂ ಸಪಾಟಿರಬೇಕು. ನೂಲಿಗೆ ಎಣ್ಣೆ ಹಚ್ಚಿದರೆ ಅದೇ ಟಾರ್ಕ್‌ಗೆ ಸ್ಟಡ್ ಬೇಕಾದ್ದಕ್ಕಿಂತ ಜಾಸ್ತಿ ಎಳೆಯಲ್ಪಡುತ್ತದೆ.

ಬಿಲ್ಲೆ ಕೂರಿಸಿ, ಕೈಯಲ್ಲಿ ತಿರುಗಿಸಿ, ಅಲ್ಲಾಡುತ್ತದೆಯಾ ನೋಡಿ. ಚಕ್ರ ಹಾಕಿ. ನಟ್ಟುಗಳನ್ನು ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಪಾನಾ ಹಾಕಿ ಜಬರದಸ್ತಿ ಮಾಡಬೇಡಿ. ಐ20ಯ ನಟ್ಟು ಸ್ವಿಫ್ಟ್ ಸ್ಟಡ್ಡಿಗೆ ಹಾಕುತ್ತಿರಬಹುದು. ಆಮೇಲೆ ಎದುರುಬದುರು ಬಿಗಿಯುತ್ತಾ ಬನ್ನಿ, ಅರ್ಧ ಬಿಗಿ. ಗಾಡಿ ಇಳಿಸಿ ಪೂರ್ತಿ ಟಾರ್ಕ್. ಹೋಂಡಾ ಸಿಟಿಗೆ 108 ನ್ಯೂಟನ್ ಮೀಟರ್, ಪೋಲೊಗೆ 120. ನಿಮ್ಮ ಗಾಡಿಯದ್ದು ಕಂಪನಿ ಕೊಟ್ಟ ಪುಸ್ತಕದಲ್ಲಿದೆ. ಬೋಲ್ಟ್ ಆನ್ ನಮೂನೆಯಲ್ಲಿ ಎರಡು ಸಲ ಟಾರ್ಕ್, ಬಿಲ್ಲೆಗೊಮ್ಮೆ, ಚಕ್ರಕ್ಕೊಮ್ಮೆ. ಟೈರ್ ಅಂಗಡಿಯ ಗಾಳಿ ಗನ್ ತೆಗೆಯಲು ಮಾತ್ರ. ಬಿಗಿಯಲು ಟಾರ್ಕ್ ಪಾನಾ. ಅಲಾಯ್‌ಗೆ ಅಷ್ಟು ಖರ್ಚು ಮಾಡಿದವರು ಒಂದು ಟಾರ್ಕ್ ಪಾನಾ ಕೊಳ್ಳಲು ಯಾಕೆ ಹಿಂದೆ ಮುಂದೆ ನೋಡುತ್ತಾರೋ ಗೊತ್ತಿಲ್ಲ.

ಓಡಿಸಿ ನೋಡುವುದು

ಮೊದಲು ಊರೊಳಗೆ. ಹದಡಿ ರಸ್ತೆಯ ಕಡೆ ನಿಧಾನಕ್ಕೆ ಒಂದು ಸುತ್ತು, ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸಿ, ಹಂಪ್ ಮೇಲೆ ಹತ್ತಿಸಿ ಇಳಿಸಿ. ಸದ್ದು ಇಲ್ಲ ಅಂದರೆ ಹೈವೇ 48 ಹಿಡಿದು ಚಿತ್ರದುರ್ಗದ ಕಡೆ ಹೋಗಿ. ಹೋಗಿ ಬರುವುದು ಸೇರಿ ಸುಮಾರು 120 ಕಿಲೋಮೀಟರ್ ಆಗುತ್ತದೆ, ಪರೀಕ್ಷೆಗೆ ಸರಿಯಾದ ದೂರ. 80ರಿಂದ 100ರ ನಡುವೆ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರದ ಬಿಲ್ಲೆ ಸರಿಯಾಗಿ ಕೂತಿಲ್ಲ. ಸೀಟು ನಡುಗಿದರೆ ಹಿಂದಿನದು. ಅಲ್ಲಿಂದಲೇ ನಿಧಾನಕ್ಕೆ ವಾಪಸ್ ಬನ್ನಿ.

ವಾಪಸ್ ಬಂದು ಚಕ್ರ ತಣ್ಣಗಾದ ಮೇಲೆ ಮತ್ತೆ ಟಾರ್ಕ್ ನೋಡಿ. ಹೊಸ ಮುಖಗಳು ಒಂದಕ್ಕೊಂದು ಒತ್ತಿ ಕೂತಾಗ ನಟ್ಟು ಸ್ವಲ್ಪ ಸಡಿಲವಾಗುವುದು ಸಹಜ. ಬೋಲ್ಟ್ ಆನ್‌ನಲ್ಲಿ ಒಳಗಿನ ನಟ್ಟು ನೋಡಲು ಚಕ್ರ ಬಿಚ್ಚಲೇಬೇಕು. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಎರಡನೇ ಸಲ ನೋಡಿದಾಗಲೂ ನಟ್ಟು ತಿರುಗಿದರೆ ಎಲ್ಲೋ ಮುಖ ಕೂತಿಲ್ಲ ಅಂತ. ಬಿಚ್ಚಿ ಶಾಯಿ ಪರೀಕ್ಷೆ ಮತ್ತೆ ಮಾಡಿ.

ಗಾಡಿಯ ನಡತೆ ಬದಲಾಗಿದ್ದು ಗೊತ್ತಾಗುತ್ತದೆ. ಮುಂದಿನ ಚಕ್ರ ತಿರುಗುವುದು ಸ್ಟ್ರಟ್ಟಿನ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟಿಗೆ ಎಳೆದ ಗೆರೆಯ ಸುತ್ತ. ಆ ಗೆರೆ ನೆಲಕ್ಕೆ ಮುಟ್ಟುವ ಜಾಗಕ್ಕೂ ಟೈರ್ ನೆಲಕ್ಕೆ ಮುಟ್ಟುವ ನಡುಭಾಗಕ್ಕೂ ಇರುವ ಅಂತರವನ್ನು ಕಂಪನಿಯವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಂದು ಬದಿಯ ಬ್ರೇಕ್ ಜಾಸ್ತಿ ಹಿಡಿದರೂ ಗಾಡಿ ಎಳೆಯದ ಹಾಗೆ ಎಂಜಿನ್ ಮುಂದಿನ ಚಕ್ರ ತಿರುಗಿಸುವ ಎಷ್ಟೋ ಕಾರುಗಳಲ್ಲಿ ಅದನ್ನು ಹೊಂದಿಸಿರುತ್ತಾರೆ. ಬಿಲ್ಲೆ ಹಾಕಿದರೆ ಆ ಲೆಕ್ಕ ಅಷ್ಟು ಮಿಲಿಮೀಟರ್ ಸರಿಯುತ್ತದೆ. 5ರಲ್ಲಿ ತಿಳಿಯುವುದೇ ಕಷ್ಟ. 20ರಲ್ಲಿ ಗುಂಡಿಗೆ ಒಂದೇ ಚಕ್ರ ಬಿದ್ದರೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಬೇರಿಂಗಿನ ಕಥೆಯೂ ಅಷ್ಟೇ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ? ಭಾರ ಅದೇ, ಜಗ್ಗುವುದು ಬೇರೆ. ಗಾಡಿ ಓಡಿಸುವಾಗ ‘ಗೊಂಯ್’ ಅನ್ನುವ ಸದ್ದು ವೇಗದ ಜೊತೆ ಏರುತ್ತಿದ್ದರೆ ಬೇರಿಂಗ್ ತೋರಿಸಿ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗುವ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್.ಸಿ.ಯಲ್ಲಿ ಆಫ್‌ಸೆಟ್ ಬರೆದಿರುವುದಿಲ್ಲವಲ್ಲ ಅಂತ ವಾದ ಮಾಡುವವರಿದ್ದಾರೆ. ಆ ವಾದವನ್ನು ಆರ್.ಟಿ.ಒ. ಕಚೇರಿಯಲ್ಲಿ ಮುಂಚೆಯೇ ಕೇಳಿಕೊಂಡು ಬನ್ನಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಅಪಘಾತ ಆದರೆ ಸರ್ವೇಯರ್ ಚಕ್ರ ನೋಡದೆ ಬಿಡುವುದಿಲ್ಲ.

ಸ್ಟೆಪ್ನಿಯ ವಿಚಾರ

ಉದ್ದನೆಯ ಸ್ಟಡ್ ಹಾಕಿಸಿದ ಮೇಲೆ ದಾರಿಯಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ಹಾಕುವಾಗ ಒಂದು ಅಪಾಯ ಇದೆ. ಸ್ಟೆಪ್ನಿ ಸಾಮಾನ್ಯವಾಗಿ ಕಬ್ಬಿಣದ ರಿಮ್, ಮುಖ ತೆಳು. ತಲೆ ಮುಚ್ಚಿದ ನಟ್ಟು ಹಾಕಿದರೆ ಸ್ಟಡ್ಡಿನ ತುದಿ ನಟ್ಟಿನ ತಳಕ್ಕೆ ಮೊದಲೇ ತಾಗಿಬಿಡುತ್ತದೆ. ಪಾನಾಗೆ ಬಿಗಿಯಾದ ಹಾಗೆ ಅನಿಸುತ್ತದೆ, ರಿಮ್ ಮಾತ್ರ ಸಡಿಲ. ಹಾಗಾಗಿ ಎರಡೂ ಕಡೆ ತೂತು ಇರುವ ನಟ್ಟು ಒಂದು ಸೆಟ್ ಡಿಕ್ಕಿಯಲ್ಲಿ ಇಟ್ಟಿರಿ. ಅಲಾಯ್ ನಟ್ಟಿಗೆ ಬೇರೆ ಕೀ ಬರುವುದಾದರೆ ಅದನ್ನೂ ಪಾನಾ ಜೊತೆಯೇ ಇಡಿ, ಮನೆಯ ಟೇಬಲ್ಲಿನ ಡ್ರಾನಲ್ಲಿ ಅಲ್ಲ. ಬಿಲ್ಲೆ ತೆಗೆಯದೆ ಸ್ಟೆಪ್ನಿ ಕೂರುತ್ತದೋ ಇಲ್ಲವೋ ಅಂತ ಮನೆ ಮುಂದೆಯೇ ಒಮ್ಮೆ ಹಾಕಿ ನೋಡಿ.

ಪಂಕ್ಚರ್ ಅಂಗಡಿಯಲ್ಲಿ ಚಕ್ರ ಎಳೆದಾಗ ತೆಳು ಬಿಲ್ಲೆ ರಿಮ್ಮಿಗೇ ಅಂಟಿಕೊಂಡು ಬರುವುದುಂಟು. ಅವರು ನೋಡದೆ ಕೆಳಗೆ ಬೀಳಿಸಿ, ಮಣ್ಣು ಹತ್ತಿದ್ದನ್ನೇ ಮತ್ತೆ ಕೂರಿಸುತ್ತಾರೆ. ಆಗ ಹತ್ತಿರವೇ ನಿಂತಿರಿ. ಬಿಲ್ಲೆ ಒರೆಸಿ ನೀವೇ ಕೂರಿಸಿ, ಗನ್ನಿನಲ್ಲಿ ಪೂರ್ತಿ ಬಿಗಿಯಲು ಬಿಡದೆ ನಿಮ್ಮ ಟಾರ್ಕ್ ಪಾನಾ ಹೊರಗೆ ತೆಗೆಯಿರಿ.